ಕತ್ತರಿಗೂ ಒಂದು ಕೇಸ್ ಶೀಟ್ ಬೇಕು

ಆಸ್ಪತ್ರೆಯ ಹಿಂಬಾಗಿಲಿನಿಂದ ದಿನವೂ ಹೊರಬೀಳುವ ಹಳದಿ ಚೀಲಗಳ ಮೇಲೆ ಒಂದು ಬಾರ್‌ಕೋಡ್ ಇರಬೇಕು. ರಕ್ತ ಮೆತ್ತಿದ ಹತ್ತಿ, ಬ್ಯಾಂಡೇಜು, ಕತ್ತರಿಸಿ ತೆಗೆದ ಅಂಗಾಂಶ ತುಂಬಿದ ಆ ಚೀಲ ಯಾವ ಆಸ್ಪತ್ರೆಯದ್ದು, ಎಂದು ಹೊರಟಿತು, ಸುಡುವ ಘಟಕಕ್ಕೆ ನಿಜವಾಗಿ ಮುಟ್ಟಿತೇ ಎಂದು ತಿಳಿಯಲು 2016ರ ಜೈವಿಕ ವೈದ್ಯಕೀಯ ತ್ಯಾಜ್ಯ ನಿರ್ವಹಣಾ ನಿಯಮಗಳು ಇದನ್ನು ಕಡ್ಡಾಯ ಮಾಡಿವೆ. ಒಳ್ಳೆಯ ನಿಯಮ. ಆದರೆ ಇವತ್ತು ಒಬ್ಬರ ಹೊಟ್ಟೆಯೊಳಗಿದ್ದು, ತೊಳೆಸಿಕೊಂಡು, ಹಬೆಯಲ್ಲಿ ಬೆಂದು, ನಾಳೆ ಇನ್ನೊಬ್ಬರ ಹೊಟ್ಟೆಯೊಳಗೆ ಹೋಗುವ ಕತ್ತರಿಯ ಮೈಮೇಲೆ ಅಂಥದೊಂದು ಗುರುತು ನಮ್ಮ ಆಸ್ಪತ್ರೆಗಳಲ್ಲಿ ಕಾಣಸಿಗುವುದು ಅಪರೂಪ.

ಮಣಿಪಾಲದಂಥ ಊರಿನಲ್ಲಿ ಈ ಪ್ರಶ್ನೆಗೆ ವಿಶೇಷ ತೂಕವಿದೆ. ಡಾ. ಟಿ.ಎಂ.ಎ. ಪೈಯವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ತೆರೆದಾಗ ಅದು ಕುರುಚಲು ಗಿಡಗಳ ಬೋಳುಗುಡ್ಡ. ಇಂದು ಅದೇ ಗುಡ್ಡದ ಮೇಲಿನ ಕಸ್ತೂರ್ಬಾ ಆಸ್ಪತ್ರೆಯಲ್ಲಿ 2,000ಕ್ಕೂ ಹೆಚ್ಚು ಹಾಸಿಗೆಗಳಿವೆ. ಕೆಳಗೆ ಉಡುಪಿಯಲ್ಲಿ ಸ್ವಿಟ್ಜರ್ಲೆಂಡಿನ ವೈದ್ಯೆ ಡಾ. ಇವಾ ಲೊಂಬಾರ್ಡ್ 1923ರಲ್ಲಿ ಕಟ್ಟಿದ ಮಿಷನ್ ಆಸ್ಪತ್ರೆ ನೂರು ವರ್ಷ ದಾಟಿದೆ. ಅಜ್ಜರಕಾಡಿನಲ್ಲಿ ಜಿಲ್ಲಾಸ್ಪತ್ರೆ, ಕಾರ್ಕಳದಲ್ಲಿ ತಾಲೂಕು ಆಸ್ಪತ್ರೆ ಮತ್ತು ಟಿ.ಎಂ.ಎ. ಪೈ ರೋಟರಿ ಆಸ್ಪತ್ರೆ, ಇವುಗಳ ನಡುವೆ ಸಣ್ಣಪುಟ್ಟ ನರ್ಸಿಂಗ್ ಹೋಮ್‌ಗಳು. ಶಸ್ತ್ರಚಿಕಿತ್ಸೆಗಾಗಿ ಕಾಪು, ಕಾರ್ಕಳದವರಷ್ಟೇ ಅಲ್ಲ, ಘಟ್ಟದ ಮೇಲಿನ ಶಿವಮೊಗ್ಗ, ಚಿಕ್ಕಮಗಳೂರು, ದಾವಣಗೆರೆ ಕಡೆಯವರೂ ಇಲ್ಲಿಗೆ ಇಳಿದು ಬರುತ್ತಾರೆ. ಬಂದವರು ಹೊಲಿಗೆ ಬಿಚ್ಚಿಸಿಕೊಂಡು ಊರಿಗೆ ಮರಳುತ್ತಾರೆ. ಶಸ್ತ್ರಚಿಕಿತ್ಸೆಯ ಸೋಂಕು ತಲೆ ಎತ್ತುವುದು ಹಲವು ಸಲ ಆಮೇಲೆ, ರೋಗಿ ಮನೆ ಸೇರಿದ ಮೇಲೆ. ಆಗ ಅವರನ್ನು ಹುಡುಕಿ ಕರೆಯಲು ಆಸ್ಪತ್ರೆಯ ಕೈಯಲ್ಲಿ ಏನಿದೆ ಎನ್ನುವುದೇ ಇಲ್ಲಿನ ವಿಷಯ.

ಮೊದಲು ಒಂದು ಆರ್ಟರಿ ಫೋರ್ಸೆಪ್ಸ್‌ನ ಹಿಂದೆ ಹೋಗಿ ನೋಡಬೇಕು. ರಕ್ತನಾಳವನ್ನು ಕಚ್ಚಿ ಹಿಡಿಯುವ ಈ ಸ್ಟೀಲಿನ ಇಕ್ಕಳ ಯಾವ ಆಪರೇಷನ್ನಿಗೂ ಬೇಕು. ಕೆಲಸ ಮುಗಿದ ಕೂಡಲೇ ಅದು ಟ್ರೇಯೊಂದಿಗೆ ಸಿಎಸ್‌ಎಸ್‌ಡಿಗೆ ಹೋಗುತ್ತದೆ. ಆಸ್ಪತ್ರೆಯ ಎಲ್ಲ ಥಿಯೇಟರುಗಳ ಉಪಕರಣಗಳನ್ನು ತೊಳೆದು, ರೋಗಾಣುಮುಕ್ತ ಮಾಡಿ, ಮತ್ತೆ ಹಂಚುವ ವಿಭಾಗ ಅದು. ಸಾರ್ವಜನಿಕರು ಅಲ್ಲಿಗೆ ಕಾಲಿಡುವುದಿಲ್ಲ. ಒಳಗೆ ಸಾಮಾನು ಒಂದೇ ದಿಕ್ಕಿನಲ್ಲಿ ಸಾಗಬೇಕು: ಕೊಳೆಯಾದದ್ದು ಒಂದು ಬಾಗಿಲಿನಿಂದ ಬರುತ್ತದೆ, ಶುದ್ಧವಾದದ್ದು ಇನ್ನೊಂದು ಬಾಗಿಲಿನಿಂದ ಹೊರಡುತ್ತದೆ, ಎರಡೂ ಎದುರಾಗುವಂತಿಲ್ಲ.

ಇಕ್ಕಳದ ಎರಡು ತೋಳುಗಳು ಕೂಡುವ ಕೀಲೇ ಅದರ ಅಪಾಯದ ಜಾಗ. ಅಲ್ಲಿ ರಕ್ತ ಒಣಗಿ ಕೂತರೆ ಮೇಲ್ಮೈ ಎಷ್ಟು ಹೊಳೆದರೂ ಪ್ರಯೋಜನವಿಲ್ಲ, ಏಕೆಂದರೆ ಒಣಗಿದ ರಕ್ತದ ಪದರ ಒಳಗಿರುವ ರೋಗಾಣುವಿಗೆ ಹಬೆ ತಾಗದಂತೆ ತಡೆಯುತ್ತದೆ. ಆದ್ದರಿಂದ ಇಕ್ಕಳವನ್ನು ಬಾಯಿ ತೆರೆದಿಟ್ಟೇ ತೊಳೆಯಬೇಕು. ಕಿಣ್ವವಿರುವ ದ್ರಾವಣದಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ, ಶ್ರವಣಾತೀತ ತರಂಗದ ತೊಟ್ಟಿಯಲ್ಲಿ ಅಥವಾ ತೊಳೆಯುವ ಯಂತ್ರದಲ್ಲಿ ಹಾಕಿ ತೆಗೆಯುತ್ತಾರೆ. ಕೊನೆಯ ಜಾಲಾಡುವಿಕೆಗೆ ಖನಿಜ ತೆಗೆದ ನೀರು ಬೇಕು. ಕರಾವಳಿಯಲ್ಲಿ ಬೇಸಿಗೆ ಏರಿದಂತೆ ಬಜೆ ಅಣೆಕಟ್ಟಿನಲ್ಲಿ ಸ್ವರ್ಣೆಯ ನೀರು ತಳ ಕಾಣುವಾಗ ಆಸ್ಪತ್ರೆಗಳು ಬಾವಿ, ಟ್ಯಾಂಕರ್‌ಗಳತ್ತ ತಿರುಗಬೇಕಾಗುತ್ತದೆ. ನೀರಿನಲ್ಲಿ ಉಪ್ಪಿನಂಶ ಹೆಚ್ಚಿದ್ದರೆ ಸ್ಟೀಲು ಚುಕ್ಕೆಚುಕ್ಕೆಯಾಗಿ ಕೊರೆದು ಹೋಗುತ್ತದೆ. ಆ ಸಣ್ಣ ಕುಳಿಗಳು ಮುಂದೆ ಕೊಳೆಯ ಮನೆಗಳಾಗುತ್ತವೆ.

ತೊಳೆದ ಇಕ್ಕಳವನ್ನು ಭೂತಗನ್ನಡಿಯ ಕೆಳಗೆ ಹಿಡಿದು ನೋಡಿ, ಪಟ್ಟಿಯ ಪ್ರಕಾರ ಟ್ರೇಯಲ್ಲಿ ಜೋಡಿಸಿ, ಎರಡು ಪದರ ಸುತ್ತಿ ಆಟೋಕ್ಲೇವ್ ಎಂಬ ಹಬೆಯಂತ್ರಕ್ಕೆ ತುಂಬುತ್ತಾರೆ. 121 ಡಿಗ್ರಿ ಸೆಲ್ಸಿಯಸ್‌ನಲ್ಲಿ 15 ನಿಮಿಷ, ಇಲ್ಲವೇ 134 ಡಿಗ್ರಿಯಲ್ಲಿ ಕನಿಷ್ಠ 3 ನಿಮಿಷ ಹಬೆ ಎಲ್ಲ ಮೂಲೆಗೂ ತಲುಪಬೇಕು. ಪೊಟ್ಟಣದ ಮೇಲೆ ಅಂಟಿಸಿದ ಟೇಪಿನ ಗೆರೆಗಳು ಕಪ್ಪಾದರೆ ಕೆಲಸ ಮುಗಿಯಿತು ಎಂಬ ನಂಬಿಕೆ ಅನೇಕ ಕಡೆ ಇದೆ. ಆದರೆ ಆ ಟೇಪು ಹೇಳುವುದು ಪೊಟ್ಟಣ ಯಂತ್ರದೊಳಗೆ ಹೋಗಿ ಬಂದಿದೆ ಎಂದಷ್ಟೇ. ಟ್ರೇಯ ನಡುಮಧ್ಯಕ್ಕೆ ಹಬೆ ಇಳಿಯಿತೇ ಎಂಬುದಕ್ಕೆ ಒಳಗೊಂದು ರಾಸಾಯನಿಕ ಸೂಚಕ ಬೇಕು. ಯಂತ್ರ ಗಾಳಿಯನ್ನು ಪೂರ್ತಿ ಹೊರಗೆಳೆಯುತ್ತಿದೆಯೇ ಎಂದು ತಿಳಿಯಲು ಪ್ರತಿದಿನ ಬೆಳಿಗ್ಗೆ ಖಾಲಿ ಯಂತ್ರದಲ್ಲಿ ಬೋವೀ–ಡಿಕ್ ಪರೀಕ್ಷೆ ಮಾಡಬೇಕು. 1963ರಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೋದಿಂದ ಬಂದ ಆ ಪರೀಕ್ಷೆ ಇಂದಿಗೂ ಜಗತ್ತಿನೆಲ್ಲೆಡೆ ಚಾಲ್ತಿಯಲ್ಲಿದೆ.

ಇವೆಲ್ಲಕ್ಕಿಂತ ಬಲವಾದ ಸಾಕ್ಷಿ ಜೀವಂತ ಸೂಕ್ಷ್ಮಾಣುವಿನದ್ದೇ. ಜಿಯೋಬ್ಯಾಸಿಲಸ್ ಸ್ಟಿಯರೋಥರ್ಮೋಫಿಲಸ್ ಎಂಬ, ಬಿಸಿಗೆ ಸುಲಭವಾಗಿ ಬಗ್ಗದ ಬ್ಯಾಕ್ಟೀರಿಯಾದ ಬೀಜಕಣಗಳನ್ನು ಪುಟ್ಟ ಸೀಸೆಯಲ್ಲಿಟ್ಟು ಟ್ರೇಗಳೊಂದಿಗೇ ಬೇಯಿಸುತ್ತಾರೆ. ಆಮೇಲೆ ಅದನ್ನು ಬೆಚ್ಚಗಿಟ್ಟು ಕಾಯುತ್ತಾರೆ. ಸೀಸೆಯೊಳಗಿನ ನೇರಳೆ ದ್ರವ ಹಳದಿಗೆ ತಿರುಗಿದರೆ ಬೀಜಕಣ ಬದುಕಿದೆ, ಯಂತ್ರ ಸೋತಿದೆ ಎಂದರ್ಥ. ಹೊಸ ಮಾದರಿಯ ಸೂಚಕಗಳು ಕೆಲವೇ ಗಂಟೆಗಳಲ್ಲಿ ಫಲಿತಾಂಶ ಕೊಡುತ್ತವೆ, ಹಳೆಯವಕ್ಕೆ ಒಂದೆರಡು ದಿನ ಬೇಕು.

ತೊಡಕು ಇರುವುದು ಈ ಕಾಯುವಿಕೆಯಲ್ಲೇ. ಈ ಪರೀಕ್ಷೆಯನ್ನು ಎಷ್ಟೋ ಕಡೆ ವಾರಕ್ಕೊಮ್ಮೆ ಮಾತ್ರ ಮಾಡುತ್ತಾರೆ. ಸೀಸೆ ಹಳದಿಯಾಗುವ ಹೊತ್ತಿಗೆ ಆ ಯಂತ್ರದಿಂದ ಹೊರಬಂದ ಟ್ರೇಗಳು ಹಲವು ಥಿಯೇಟರುಗಳಿಗೆ ಹೋಗಿ, ಬಳಕೆಯಾಗಿ, ಮರಳಿ ಬಂದು ತೊಳೆಸಿಕೊಂಡೂ ಆಗಿರುತ್ತದೆ. ಹಿಂದಿನ ಸರಿಯಾದ ಫಲಿತಾಂಶದ ನಂತರ ಆ ಯಂತ್ರದಲ್ಲಿ ಬೆಂದ ಪ್ರತಿಯೊಂದು ಲೋಡೂ ಈಗ ಅನುಮಾನಕ್ಕೊಳಗಾಗುತ್ತದೆ. ಬಳಕೆಯಾಗದ ಪೊಟ್ಟಣಗಳನ್ನು ಹಿಂದಕ್ಕೆ ಕರೆಸಿಕೊಳ್ಳಬಹುದು. ಬಳಕೆಯಾದವು ಯಾವ ರೋಗಿಯ ಮೇಲೆ ಬಳಕೆಯಾದವು? ಸಿಎಸ್‌ಎಸ್‌ಡಿಯ ರಿಜಿಸ್ಟರಿನಲ್ಲಿ ಲೋಡ್ ನಂಬರ್ ಇರುತ್ತದೆ, ಥಿಯೇಟರಿನ ರಿಜಿಸ್ಟರಿನಲ್ಲಿ ರೋಗಿಯ ಹೆಸರಿರುತ್ತದೆ. ಎರಡನ್ನೂ ಬೆಸೆಯುವ ಕೊಂಡಿ ಇಲ್ಲದಿದ್ದರೆ ಎರಡು ಪುಸ್ತಕವೂ ಮೂಕ.

ದೂರದ ಊಹೆಯೇನಲ್ಲ ಇದು. ಬೆಂಗಳೂರಿನ ಆಸ್ಪತ್ರೆಯೊಂದರ ವೈದ್ಯರು 2006ರಲ್ಲಿ ‘ಜರ್ನಲ್ ಆಫ್ ಹಾಸ್ಪಿಟಲ್ ಇನ್‌ಫೆಕ್ಷನ್’ ಪತ್ರಿಕೆಯಲ್ಲಿ ತಮ್ಮಲ್ಲೇ ನಡೆದದ್ದನ್ನು ಮುಚ್ಚುಮರೆಯಿಲ್ಲದೆ ಬರೆದರು. ಹೊಟ್ಟೆಯಲ್ಲಿ ಸಣ್ಣ ತೂತು ಮಾಡಿ ನಡೆಸುವ ಲ್ಯಾಪರೊಸ್ಕೋಪಿ ಶಸ್ತ್ರಚಿಕಿತ್ಸೆಯಾದ 35 ಮಂದಿಯಲ್ಲಿ 145 ತೂತುಗಳ ಜಾಗ ಸೋಂಕಿಗೆ ಒಳಗಾಗಿತ್ತು. ಕಾರಣ, ಕ್ಷಯದ ರೋಗಾಣುವಿನ ದೂರದ ಸಂಬಂಧಿಯಾದ ಒಂದು ಮೈಕೋಬ್ಯಾಕ್ಟೀರಿಯಾ. ಈ ಜಾತಿಯ ಸೋಂಕು ಗಾಯ ಮಾಗಿದಂತೆ ಕಂಡ ಮೇಲೆ, ವಾರಗಳು ಕಳೆದು ಗಂಟಾಗಿ, ಸೋರುವ ಹುಣ್ಣಾಗಿ ಮೇಲೇಳುತ್ತದೆ. ಮಾಮೂಲಿ ಆಂಟಿಬಯಾಟಿಕ್‌ಗೆ ಜಗ್ಗುವುದಿಲ್ಲ. ಹುಡುಕುತ್ತ ಹೋದಾಗ ಅಪರಾಧಿ ಸಿಕ್ಕಿದ್ದು ತೀರಾ ಸಾಮಾನ್ಯ ಜಾಗದಲ್ಲಿ. ರಾಸಾಯನಿಕದಲ್ಲಿ ಅದ್ದಿ ರೋಗಾಣುಮುಕ್ತ ಮಾಡಿದ ಉಪಕರಣಗಳನ್ನು ಕೊನೆಗೆ ಜಾಲಾಡಲು ಬಳಸುತ್ತಿದ್ದ ನೀರು. ಅದೇ ಹೊತ್ತಿಗೆ ಬ್ರೆಜಿಲ್‌ನಲ್ಲೂ ಇದೇ ಕುಲದ ಸೋಂಕು ಹಬ್ಬಿತ್ತು. ಅಲ್ಲಿ ಸೋಂಕಿತರ ಸಂಖ್ಯೆ ಸಾವಿರ ದಾಟಿತು.

ಬೆಂಗಳೂರಿನ ವೈದ್ಯರು ಮೂಲ ಹುಡುಕಿದ್ದು, ಅದನ್ನು ಜಗತ್ತಿಗೆ ತಿಳಿಸಿದ್ದು ದೊಡ್ಡ ಕೆಲಸ. ಒಂದು ಸೋಂಕು ಕಂಡಾಗ ಇನ್ಯಾರಿಗೆ ಇದೇ ಉಪಕರಣ ಬಳಕೆಯಾಯಿತು ಎಂದು ಕೇಳುವ ಮನಸ್ಸಿದ್ದರೆ ಮಾತ್ರ ಇಂಥ ಸರಣಿ ಬೆಳಕಿಗೆ ಬರುತ್ತದೆ. ರೋಗಿಗಳು ಬೇರೆ ಬೇರೆ ಊರಿಗೆ ಹೋಗಿ, ಬೇರೆ ಬೇರೆ ವೈದ್ಯರ ಹತ್ತಿರ ಮುಲಾಮು ಹಚ್ಚಿಸಿಕೊಂಡಿದ್ದರೆ ಒಬ್ಬೊಬ್ಬರ ಹುಣ್ಣೂ ಅವರವರ ದುರದೃಷ್ಟವಾಗಿಯೇ ಉಳಿಯುತ್ತಿತ್ತು.

ಜಗತ್ತು ಈ ಜಾಡು ಹಿಡಿಯುವ ಪಾಠವನ್ನು ಕಲಿತದ್ದು ಇನ್ನೂ ಘೋರವಾದ ಒಂದು ರೋಗದಿಂದ. 1974ರಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್‌ನಲ್ಲಿ ಅಪಸ್ಮಾರದ ಇಬ್ಬರು ಎಳೆಯ ರೋಗಿಗಳ ಮಿದುಳಿಗೆ ಪರೀಕ್ಷೆಗಾಗಿ ಬೆಳ್ಳಿಯ ವಿದ್ಯುದಗ್ರಗಳನ್ನು ಇಳಿಸಲಾಯಿತು. ಅವನ್ನು ಮೊದಲು ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆಯಿದ್ದವರೊಬ್ಬರ ಮೇಲೆ ಬಳಸಲಾಗಿತ್ತು. ನಡುವೆ ಶುಚಿಗೊಳಿಸಿ, ಆಲ್ಕೋಹಾಲ್ ಮತ್ತು ಫಾರ್ಮಾಲ್ಡಿಹೈಡ್ ಆವಿ ಹಾಯಿಸಿದ್ದರು. ಇಬ್ಬರಿಗೂ ಅದೇ ಕಾಯಿಲೆ ತಗುಲಿತು ಎಂದು 1977ರಲ್ಲಿ ವರದಿಯಾಯಿತು. ಮಿದುಳನ್ನು ಸ್ಪಂಜಿನಂತೆ ಮಾಡುವ ಈ ರೋಗದ ಮೂಲ ಬ್ಯಾಕ್ಟೀರಿಯಾ ಅಲ್ಲ, ವೈರಸ್ ಅಲ್ಲ. ಪ್ರಿಯಾನ್ ಎಂಬ ಆಕಾರಗೆಟ್ಟ ಪ್ರೋಟೀನು. ಎರಡು ವರ್ಷಕ್ಕೂ ಹೆಚ್ಚು ಕಾಲದ ನಂತರ ಅದೇ ವಿದ್ಯುದಗ್ರಗಳನ್ನು ಮತ್ತೆ ಶುಚಿಗೊಳಿಸಿ ಅಮೆರಿಕದ ಪ್ರಯೋಗಾಲಯದಲ್ಲಿ ಒಂದು ಚಿಂಪಾಂಜಿಯ ಮಿದುಳಿಗೆ ಇಳಿಸಿದಾಗ ಅದಕ್ಕೂ ರೋಗ ಬಂತು. ಲೋಹಕ್ಕೆ ಕಚ್ಚಿಕೊಂಡ ಪ್ರಿಯಾನ್ ಅಷ್ಟು ಹಟಮಾರಿ. ನಮ್ಮ ದೇಶದಲ್ಲೂ ಈ ಕಾಯಿಲೆಯಿದೆ. ಬೆಂಗಳೂರಿನ ನಿಮ್ಹಾನ್ಸ್ ವೈದ್ಯರು 1971ರಿಂದ 1990ರವರೆಗಿನ ಭಾರತೀಯ ಪ್ರಕರಣಗಳನ್ನು ಒಟ್ಟುಗೂಡಿಸಿ 1991ರಲ್ಲೇ ಪ್ರಕಟಿಸಿದ್ದರು.

1996ರಲ್ಲಿ ಬ್ರಿಟನ್‌ನಲ್ಲಿ, ಹುಚ್ಚುಹಸು ರೋಗದಿಂದ ಮನುಷ್ಯರಿಗೆ ಬಂದ ಇದರ ಹೊಸ ರೂಪ ಪತ್ತೆಯಾದಾಗ ಇಡೀ ದೇಶ ಬೆಚ್ಚಿತು. ರೋಗಲಕ್ಷಣ ಕಾಣಲು ವರ್ಷಗಟ್ಟಲೆ ಹಿಡಿಯುತ್ತದೆ. ಅಷ್ಟರಲ್ಲಿ ಆ ರೋಗಿಗೆ ಬಳಸಿದ ಇಕ್ಕಳ ಇನ್ನೆಷ್ಟು ಜನರನ್ನು ಮುಟ್ಟಿರಬಹುದು? ಅಲ್ಲಿನ ಆರೋಗ್ಯ ಇಲಾಖೆ ಉಪಕರಣದ ಸೆಟ್‌ಗಳ ಜಾಡು ಇಡಬೇಕೆಂದು ಸುತ್ತೋಲೆ ಹೊರಡಿಸಿತು. ಶುದ್ಧೀಕರಣ ಘಟಕಗಳ ಸುಧಾರಣೆಗೆ 2001ರಲ್ಲಿ 20 ಕೋಟಿ ಪೌಂಡ್ ಘೋಷಿಸಿತು. ಟಾನ್ಸಿಲ್ ತೆಗೆಯಲು ಒಮ್ಮೆ ಬಳಸಿ ಎಸೆಯುವ ಉಪಕರಣಗಳನ್ನೇ ಬಳಸಬೇಕೆಂದೂ ಆಜ್ಞೆಯಾಯಿತು. ಆದರೆ ಅವುಗಳಿಂದ ರಕ್ತಸ್ರಾವದ ತೊಂದರೆ ಹೆಚ್ಚಾಗಿ, ಆ ವರ್ಷದ ಕೊನೆಯಲ್ಲೇ ಹಳೆಯ ಗಟ್ಟಿ ಉಪಕರಣಗಳಿಗೆ ಮರಳಬೇಕಾಯಿತು. ಎಲ್ಲವನ್ನೂ ಒಮ್ಮೆ ಬಳಸಿ ಎಸೆದುಬಿಡೋಣ ಎಂಬ ಸುಲಭದ ಮಾತಿಗೆ ಆ ವರ್ಷವೇ ಉತ್ತರ. ಒಳ್ಳೆಯ ಕತ್ತರಿ ಬೇಕೆಂದರೆ ಅದನ್ನು ಮತ್ತೆ ಮತ್ತೆ ಬಳಸಲೇಬೇಕು, ಬಳಸುವುದಾದರೆ ಅದರ ಲೆಕ್ಕ ಇಡಲೇಬೇಕು. 2002ರಲ್ಲಿ ಮಿಡಲ್ಸ್‌ಬರೋ ಆಸ್ಪತ್ರೆಯಲ್ಲಿ, ಕ್ರಾಯ್ಟ್ಸ್‌ಫೆಲ್ಟ್–ಯಾಕೋಬ್ ಕಾಯಿಲೆಯಿದ್ದುದು ನಂತರ ತಿಳಿದುಬಂದ ರೋಗಿಯ ಮಿದುಳಿಗೆ ಬಳಸಿದ ಉಪಕರಣಗಳು ಚಲಾವಣೆಯಲ್ಲೇ ಉಳಿದು, 24 ಮಂದಿಗೆ ‘ನಿಮಗೂ ಅಪಾಯ ತಗುಲಿರಬಹುದು’ ಎಂದು ಹೇಳಬೇಕಾಗಿ ಬಂತು.

ನಮ್ಮ ರಾಜ್ಯದ ಇತ್ತೀಚಿನ ಎರಡು ದುರಂತಗಳನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. 2019ರ ಜುಲೈಯಲ್ಲಿ ಬೆಂಗಳೂರಿನ ಮಿಂಟೋ ಆಸ್ಪತ್ರೆಯಲ್ಲಿ ಕಣ್ಣಿನ ಪೊರೆ ತೆಗೆಸಿಕೊಂಡ ಹಲವರು ದೃಷ್ಟಿ ಕಳೆದುಕೊಂಡರು. ತನಿಖೆ ಶಸ್ತ್ರಚಿಕಿತ್ಸೆಯಲ್ಲಿ ಬಳಸಿದ ಔಷಧದತ್ತ ಬೊಟ್ಟು ಮಾಡಿತು. 2024ರ ನವೆಂಬರ್‌ನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡಾಗ ಸಂಶಯ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಬಿತ್ತು, ಸರ್ಕಾರ ಅದರ ಬಳಕೆಯನ್ನು ತಡೆಯಿತು. ಎರಡೂ ಕಡೆ ತನಿಖೆಗೆ ಒಂದು ಹಿಡಿ ಸಿಕ್ಕಿತ್ತು. ಬಾಟಲಿಯ ಮೇಲೆ ಬ್ಯಾಚ್ ನಂಬರ್ ಇತ್ತು, ಆ ಬ್ಯಾಚಿನ ಉಳಿದ ಬಾಟಲಿಗಳು ಎಲ್ಲೆಲ್ಲಿವೆ ಎಂದು ಹುಡುಕಬಹುದಿತ್ತು. ಅನುಮಾನ ಒಂದು ಸಿಸೇರಿಯನ್ ಸೆಟ್‌ನ ಮೇಲೆ ಬಿದ್ದಿದ್ದರೆ?

ಬ್ಯಾಚ್ ನಂಬರ್ ಅನ್ನು ಉಪಕರಣಕ್ಕೂ ಕೊಡಲು ಸಾಧ್ಯವಿದೆ. ಪ್ರತಿ ಟ್ರೇಗೂ ಒಂದು ಬಾರ್‌ಕೋಡ್ ಕೊಟ್ಟು ತೊಳೆದಾಗ, ಜೋಡಿಸಿದಾಗ, ಬೇಯಿಸಿದಾಗ, ಥಿಯೇಟರಿನಲ್ಲಿ ಬಿಚ್ಚಿದಾಗ ಸ್ಕ್ಯಾನ್ ಮಾಡುವುದು ಮೊದಲ ಹಂತ. ಆದರೆ ಟ್ರೇಗೆ ಹೆಸರಿದ್ದರೂ ಒಳಗಿನ ಇಕ್ಕಳಕ್ಕೆ ಹೆಸರಿಲ್ಲ. ಒಂದು ಟ್ರೇಯ ಇಕ್ಕಳ ಕೆಟ್ಟರೆ ಇನ್ನೊಂದರಿಂದ ತೆಗೆದು ಹಾಕುವುದು ಎಲ್ಲೆಡೆ ನಡೆಯುವ ಸಂಗತಿ, ಹಾಗೆ ಉಪಕರಣಗಳು ಸದ್ದಿಲ್ಲದೆ ಟ್ರೇಯಿಂದ ಟ್ರೇಗೆ ವಲಸೆ ಹೋಗುತ್ತವೆ. ಮಿದುಳು, ಕಣ್ಣಿನ ಹಿಂಭಾಗ ಮುಟ್ಟುವ ಉಪಕರಣಗಳು ಹೀಗೆ ಅದಲುಬದಲಾಗಕೂಡದು ಎಂದು ಬ್ರಿಟನ್ನಿನ ‘ನೈಸ್’ ಸಂಸ್ಥೆ 2006ರಲ್ಲಿ ಹೇಳಿತು. ಎರಡನೆಯ ಹಂತ, ಪ್ರತಿ ಉಪಕರಣದ ಹಿಡಿಯ ಮೇಲೂ ಲೇಸರ್‌ನಿಂದ ಚೌಕಾಕಾರದ ಡೇಟಾ ಮ್ಯಾಟ್ರಿಕ್ಸ್ ಗುರುತು ಕೊರೆಯುವುದು. ಎರಡು ಮೂರು ಮಿಲಿಮೀಟರ್ ಜಾಗ ಸಾಕು. ಅಮೆರಿಕ 2013ರಲ್ಲಿ ವೈದ್ಯಕೀಯ ಸಾಧನಗಳಿಗೆ ವಿಶಿಷ್ಟ ಗುರುತಿನ ನಿಯಮ ತಂದು, ಮರುಬಳಕೆಯ ಉಪಕರಣಗಳ ಮೈಮೇಲೇ ಅದು ಇರಬೇಕೆಂದಿತು. ನಮ್ಮ 2017ರ ವೈದ್ಯಕೀಯ ಸಾಧನ ನಿಯಮಗಳಲ್ಲೂ ಅಂಥ ಗುರುತಿನ ಪ್ರಸ್ತಾಪವಿದೆ.

ಇನ್ನೊಂದು ಬಿರುಕಿದೆ. ಮೂಳೆ ಶಸ್ತ್ರಚಿಕಿತ್ಸೆಗೆ ಬೇಕಾದ ಪ್ಲೇಟು, ಸ್ಕ್ರೂ, ಡ್ರಿಲ್‌ಗಳ ಸೆಟ್ ಅನೇಕ ಸಲ ಆಸ್ಪತ್ರೆಯದ್ದಲ್ಲ. ಇಂಪ್ಲಾಂಟ್ ಕಂಪನಿಯ ಪ್ರತಿನಿಧಿ ಪೆಟ್ಟಿಗೆ ಹೊತ್ತು ತರುತ್ತಾರೆ, ಆಪರೇಷನ್ ಮುಗಿದ ಮೇಲೆ ಅದು ಮುಂದಿನ ಊರಿಗೆ ಹೊರಡುತ್ತದೆ. 2013ರಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನ ಒಂದು ಆಸ್ಪತ್ರೆಯಲ್ಲಿ ಎಂಟು ರೋಗಿಗಳಿಗೆ ಪ್ರಿಯಾನ್ ಅಪಾಯದ ಎಚ್ಚರಿಕೆ ಕೊಟ್ಟಾಗ, ಅಲ್ಲಿ ಬಳಸಿದ್ದ ಉಪಕರಣ ಬಾಡಿಗೆಯದ್ದೆಂದು ತಿಳಿಯಿತು. ಅದರ ಜಾಡು ಪಕ್ಕದ ಮ್ಯಾಸಚೂಸೆಟ್ಸ್ ರಾಜ್ಯದ ಆಸ್ಪತ್ರೆಗೂ ಹೋಯಿತು. ಇಲ್ಲೂ ಹೀಗೆ ಒಂದೇ ಪೆಟ್ಟಿಗೆ ಊರೂರು ಸುತ್ತಬಹುದು. ಬಂದ ಪೆಟ್ಟಿಗೆಯನ್ನು ಆಸ್ಪತ್ರೆ ತನ್ನದೇ ಸಿಎಸ್‌ಎಸ್‌ಡಿಯಲ್ಲಿ ಮೊದಲಿನಿಂದ ತೊಳೆದು, ತನ್ನ ಲೋಡ್ ನಂಬರ್ ಕೊಟ್ಟೇ ಬಳಸಬೇಕು, ಹಿಂದಿರುಗಿಸುವ ಮೊದಲೂ ತೊಳೆದು ಬರೆದಿಡಬೇಕು.

ಇಷ್ಟು ಹೇಳಿದ ಕೂಡಲೇ ಸಣ್ಣ ನರ್ಸಿಂಗ್ ಹೋಮ್‌ನ ವೈದ್ಯರು ಖರ್ಚಿನ ಮಾತೆತ್ತುತ್ತಾರೆ, ಅದು ನ್ಯಾಯವಾದದ್ದೇ. ಲೇಸರ್ ಗುರುತು, ಸಾಫ್ಟ್‌ವೇರ್ ಎಲ್ಲರ ಕೈಗೆಟುಕುವುದಿಲ್ಲ. ಆದರೆ ಕೊಂಡಿ ಬೆಸೆಯಲು ಅಷ್ಟೆಲ್ಲ ಬೇಕಾಗಿಲ್ಲ. ಇದೇ ಉಡುಪಿಯಲ್ಲಿ 1925ರಲ್ಲಿ ಟಿ.ಎಂ.ಎ. ಪೈ ಮತ್ತು ಸಂಗಡಿಗರು ಕಟ್ಟಿದ ಬ್ಯಾಂಕು, ಮುಂದೆ ಸಿಂಡಿಕೇಟ್ ಬ್ಯಾಂಕ್ ಆದದ್ದು, 1928ರಲ್ಲಿ ಪಿಗ್ಮಿ ಠೇವಣಿ ಶುರುಮಾಡಿತು. ಮನೆಬಾಗಿಲಿಗೆ ಬಂದ ಏಜೆಂಟ್ ಎರಡಾಣೆ ಪಡೆದರೂ ಖಾತೆದಾರನ ಪುಸ್ತಕದಲ್ಲೂ ಬ್ಯಾಂಕಿನ ಪುಸ್ತಕದಲ್ಲೂ ಬರೆಯಬೇಕಿತ್ತು. ಎರಡು ಬರಹ ತಾಳೆಯಾದರೆ ಯಾವ ಎರಡಾಣೆಯೂ ಕಳೆದುಹೋಗದು. ಟ್ರೇಯ ಲೆಕ್ಕವೂ ಅಷ್ಟೇ. ಯಂತ್ರದ ಸಂಖ್ಯೆ, ಲೋಡ್ ಸಂಖ್ಯೆ, ದಿನಾಂಕ, ಜೋಡಿಸಿದವರ ಸಹಿ, ಇಷ್ಟಿರುವ ಎರಡು ಸಲ ಅಂಟುವ ಲೇಬಲ್ ಸಾಕು. ಬೇಯಿಸುವ ಮುನ್ನ ಪೊಟ್ಟಣದ ಮೇಲೆ ಅಂಟಿಸುತ್ತಾರೆ. ಥಿಯೇಟರಿನಲ್ಲಿ ಸಿಸ್ಟರ್ ಪೊಟ್ಟಣ ಬಿಚ್ಚುವಾಗ ಅದನ್ನು ಕಿತ್ತು ರೋಗಿಯ ಕೇಸ್ ಶೀಟಿಗೆ ಅಂಟಿಸುತ್ತಾರೆ. ‘ಯಂತ್ರ 2, ಲೋಡ್ 3’ ಎಂಬ ಅಷ್ಟು ಬರಹ ಆ ರೋಗಿಯನ್ನು ಆ ದಿನದ ಆ ಯಂತ್ರಕ್ಕೆ ಕಟ್ಟಿಹಾಕುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಶಸ್ತ್ರಚಿಕಿತ್ಸಾ ಸುರಕ್ಷತಾ ಪಟ್ಟಿಯಲ್ಲಿ, ಚರ್ಮಕ್ಕೆ ಕತ್ತಿ ಇಡುವ ಮುನ್ನ ಸೂಚಕದ ಫಲಿತಾಂಶ ನೋಡಿ ಖಚಿತಪಡಿಸಿಕೊಳ್ಳುವ ಪ್ರಶ್ನೆ ಈಗಾಗಲೇ ಇದೆ. ಲೇಬಲ್ ಅಂಟಿಸಲು ಅದಕ್ಕಿಂತ ಒಳ್ಳೆಯ ಗಳಿಗೆ ಇಲ್ಲ.

ಕರಾವಳಿಗೆ ಇನ್ನೊಂದು ಎಚ್ಚರವೂ ಬೇಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿನ ಗಾಳಿಯೇ ಒದ್ದೆ. ಆಟೋಕ್ಲೇವ್‌ನಿಂದ ತೇವ ಆರದೆ ಹೊರಬಂದ ಪೊಟ್ಟಣ, ಸೋರುವ ಗೋಡೆಯ ಪಕ್ಕದ ಕಪಾಟಿನಲ್ಲಿಟ್ಟ ಪೊಟ್ಟಣ, ಲೇಬಲ್ ಎಷ್ಟೇ ಚೆನ್ನಾಗಿದ್ದರೂ ಶುದ್ಧವಲ್ಲ. ಒದ್ದೆ ಬಟ್ಟೆಯ ಮೂಲಕ ರೋಗಾಣು ಒಳಗಿಳಿಯುತ್ತದೆ. ಎಂದು ಬೇಯಿಸಿದ್ದು ಎಂಬುದರ ಜೊತೆಗೆ ಎಲ್ಲಿ, ಹೇಗೆ ಇಟ್ಟಿತ್ತು ಎಂಬುದೂ ದಾಖಲಾಗಬೇಕಾದದ್ದು ಅದಕ್ಕೇ.

ಈ ಎಲ್ಲ ಬರವಣಿಗೆ ನಿಂತಿರುವುದು ಸಿಎಸ್‌ಎಸ್‌ಡಿಯಲ್ಲಿ ದಿನವಿಡೀ ಬಿಸಿ ಹಬೆಯ ನಡುವೆ ನಿಲ್ಲುವ ತಂತ್ರಜ್ಞರ, ಸಹಾಯಕರ ಮೇಲೆ. ಹರಿತವಾದ ಉಪಕರಣ ತೊಳೆಯುವಾಗ ಚುಚ್ಚಿಸಿಕೊಳ್ಳುವ ಅಪಾಯ ಅವರದ್ದು. ಕೀಲಿನ ಸಂದಿಯ ಕಂದು ಚುಕ್ಕೆಯನ್ನು ನೋಡಿ ‘ಇದು ಹೋಗಬಾರದು’ ಎಂದು ಟ್ರೇ ತಡೆಹಿಡಿಯುವ ಹಕ್ಕೂ ಅವರಿಗಿರಬೇಕು. ಮುಂದಿನ ಕೇಸ್ ಕಾಯುತ್ತಿದೆ, ಬೇಗ ಕೊಡಿ ಎಂದು ಥಿಯೇಟರಿನಿಂದ ಫೋನ್ ಬಂದಾಗ ಬೇಡವೆನ್ನಬಲ್ಲವರಿಗೆ ಆಸ್ಪತ್ರೆಯ ಬೆಂಬಲ ಬೇಕು, ತರಬೇತಿ ಬೇಕು, ಖಾಯಂ ಕೆಲಸದ ಭದ್ರತೆ ಬೇಕು.

ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಎನ್‌ಎಬಿಎಚ್ ಮಾನದಂಡಗಳು, ಶುದ್ಧೀಕರಣ ಕೈಕೊಟ್ಟಾಗ ಉಪಕರಣಗಳನ್ನು ಹಿಂದಕ್ಕೆ ಕರೆಸಿಕೊಳ್ಳುವ ವ್ಯವಸ್ಥೆ ಇರಬೇಕೆನ್ನುತ್ತವೆ. ಸರ್ಕಾರಿ ಆಸ್ಪತ್ರೆಗಳನ್ನು 2015ರಿಂದ ಕಾಯಕಲ್ಪ ಯೋಜನೆಯಡಿ ಸ್ವಚ್ಛತೆ, ಸೋಂಕು ನಿಯಂತ್ರಣಕ್ಕಾಗಿ ಅಳೆಯಲಾಗುತ್ತಿದೆ. ಆ ತಪಾಸಣೆಯ ದಿನ ಕಡತದ ದಪ್ಪ ನೋಡುವ ಬದಲು ಒಂದು ಸಣ್ಣ ಪರೀಕ್ಷೆ ಮಾಡಬಹುದು. ಕಳೆದ ತಿಂಗಳ ಯಾವುದಾದರೂ ಒಂದು ಲೋಡ್ ನಂಬರ್ ಆರಿಸಿ, ಅದರಲ್ಲಿ ಬೆಂದ ಟ್ರೇಗಳು ಯಾವ ಯಾವ ರೋಗಿಗಳಿಗೆ ಬಳಕೆಯಾದವು, ಅವರ ಫೋನ್ ನಂಬರ್ ಏನು ಎಂದು ಕೇಳಬೇಕು. ಆಮೇಲೆ ಉಲ್ಟಾ: ಒಬ್ಬ ರೋಗಿಯ ಕೇಸ್ ಶೀಟ್ ತೆರೆದು, ಅವರಿಗೆ ಬಳಸಿದ ಪ್ರತಿ ಟ್ರೇ ಯಾವ ಯಂತ್ರದಲ್ಲಿ, ಯಾವ ಸೂಚಕದ ಫಲಿತಾಂಶದೊಂದಿಗೆ ಹೊರಬಂತು ಎಂದು ಕೇಳಬೇಕು. ಎರಡೂ ದಿಕ್ಕಿನ ಉತ್ತರ ಅದೇ ದಿನ ಸಿಕ್ಕರೆ ಆ ಆಸ್ಪತ್ರೆಗೆ ಪೂರ್ತಿ ಅಂಕ. ಸಿಗದಿದ್ದರೆ ಕೊಂಡಿ ಎಲ್ಲಿ ಕಳಚಿದೆ ಎಂಬುದಾದರೂ ಗೊತ್ತಾಗುತ್ತದೆ, ಆರು ತಿಂಗಳ ನಂತರ ಅದೇ ಪರೀಕ್ಷೆಯನ್ನು ಮತ್ತೆ ಮಾಡಬಹುದು.